ತಾತನ ಹಳೇ ಎಲ್‌ಪಿ ಇಟ್ಟುಕೊಳ್ಳಲಾ, ಹೊಸದು ತಗೊಳ್ಳಲಾ?

ತಾತನ ಮನೆ ಖಾಲಿ ಮಾಡುವಾಗ ನಲವತ್ತು ಗ್ರಾಮಫೋನ್ ರೆಕಾರ್ಡು ಸಿಕ್ಕಿವೆ, ಕೆಲವು ಕರಕರ ಅನ್ನುತ್ತಿವೆ, ಇವನ್ನು ಯಾರಿಗಾದರೂ ಕೊಟ್ಟು ಹೊಸ, ದಪ್ಪನೆಯ 180 ಗ್ರಾಂ ತೂಕದ ರೆಕಾರ್ಡು ತಗೊಳ್ಳಲಾ ಅಂತ ಕೇಳಿದ್ದೀರಿ. ಹಳೆಯದು, ಹೊಸದು, ಯಾವುದರ ಸೌಂಡ್ ನಿಜವಾಗಿ ಚೆನ್ನಾಗಿರುತ್ತದೆ ಅನ್ನೋದು ನಿಮ್ಮ ಇನ್ನೊಂದು ಪ್ರಶ್ನೆ. ಮೊದಲು ಒಂದು ಮಾತು. ದಯವಿಟ್ಟು ಈಗಲೇ ಏನನ್ನೂ ಕೊಟ್ಟುಬಿಡಬೇಡಿ. ಒಂದು ಸಲ ತೊಳೆದು ಕೇಳುವವರೆಗಾದರೂ ತಡೆಯಿರಿ.

ನಾನಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಹನ್ನೆರಡು ವರ್ಷದಿಂದ ಹಳೆಯದನ್ನೂ ಹೊಸದನ್ನೂ ಕೂಡಿಸಿಕೊಂಡು ಕೇಳುತ್ತಿದ್ದೇನೆ. ರೆಕಾರ್ಡಿನ ವಯಸ್ಸು ನೋಡಿ ಅದರ ಧ್ವನಿ ಹೀಗೇ ಇರುತ್ತದೆ ಅಂತ ಹೇಳೋಕೆ ಆಗಲ್ಲ. ಅದನ್ನು ಸ್ಟುಡಿಯೋದ ಯಾವ ಟೇಪಿನಿಂದ ಎಷ್ಟು ಶ್ರದ್ಧೆಯಿಂದ ಕೆತ್ತಿದರು, ಆಮೇಲೆ ಅದರ ಮೇಲೆ ಎಂಥ ಮುಳ್ಳು ಓಡಾಡಿತು, ಈ ಎರಡರ ಮೇಲೆ ಎಲ್ಲವೂ ನಿಂತಿದೆ. ಇದು ನನಗೆ ಅರ್ಥವಾಗಿದ್ದು ಒಂದು ವೀಣೆ ರೆಕಾರ್ಡಿನಿಂದ.

ನಮ್ಮ ದೊಡ್ಡಪ್ಪ ಮಂಡ್ಯದಲ್ಲಿದ್ದರು. ಸಂಗೀತ ಅಂದರೆ ಪ್ರಾಣ. ಅವರ ಒಂದು ವೀಣೆ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಓಡುವ ದೊಡ್ಡ ರೆಕಾರ್ಡು, ನನ್ನ ಪಾಲಿಗೆ ಬಂತು. ಕವರಿನ ಮೂಲೆ ಸಹ ಮಡಚಿರಲಿಲ್ಲ. ಒಳಗಿನ ರೆಕಾರ್ಡು ಕನ್ನಡಿ ಥರ ಹೊಳೆಯುತ್ತಿತ್ತು. ಆಸೆಯಿಂದ ಹಾಕಿದರೆ ತಂತಿ ಮೀಟಿದಾಗಲೆಲ್ಲ ಸ್ವರದ ಅಂಚು ಹರಿದಂತೆ ಬರುತ್ತಿತ್ತು. ಮೃದಂಗದ ಬಲಗೈ ಪೆಟ್ಟು ಒಣ ಎಲೆ ತುಳಿದ ಹಾಗೆ. ನನ್ನ ಸೆಟ್ಟಿನದೇ ತಪ್ಪಿರಬೇಕು ಅಂದುಕೊಂಡೆ.

ಮುಂದಿನ ವರ್ಷ ದೇವರಾಜ ಮಾರ್ಕೆಟ್ ಹತ್ತಿರ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅದೇ ಎಲ್‌ಪಿಯ ಇನ್ನೊಂದು ಪ್ರತಿ ಸಿಕ್ಕಿತು. ಕವರಿನ ಕಾಲು ಭಾಗ ಗೆದ್ದಲು ತಿಂದಿತ್ತು. ರೆಕಾರ್ಡಿನ ಮೇಲೆ ಬಿಳಿ ಬೂಷ್ಟು. ಅಂಗಡಿಯವರು ಇನ್ನೆರಡು ರೆಕಾರ್ಡಿನ ಜೊತೆ ಅದನ್ನು ಸುಮ್ನೆ ಕೊಟ್ಟರು. ಮನೆಗೆ ತಂದು ಎರಡು ಸಲ ತೊಳೆದೆ, ಒಣಗಿಸಿ ಹಾಕಿದೆ. ಮೊದಲ ಮೀಟಿಗೇ ಕೂತಲ್ಲಿಂದ ಎದ್ದುಬಿಟ್ಟೆ. ಸ್ವರ ಮೆಲ್ಲಗೆ ಕರಗಿ, ಅದರ ಹಿಂದೆ ತಂಬೂರಿ ಕೇಳಿ, ಆಮೇಲೆ ಬೆರಳು ವೀಣೆಯ ಮೆಟ್ಟಿಲಿನ ಮೇಲೆ ಜಾರುವ ಸದ್ದು ಕೂಡ ಕೇಳಿಸಿತು. ಅಲ್ಲಲ್ಲಿ ಚಟ್ ಚಟ್ ಅಂದಿತು ನಿಜ. ಆದರೆ ವೀಣೆ ವೀಣೆಯ ಹಾಗೇ ಇತ್ತು.

ಒಂದೇ ರೆಕಾರ್ಡು, ಒಂದೇ ಕಾಲದ್ದು, ಮತ್ತೆ ಯಾಕೆ ಹೀಗೆ? ದೊಡ್ಡಮ್ಮನನ್ನು ಕೇಳಿದಾಗ ಉತ್ತರ ಸಿಕ್ಕಿತು. ದೊಡ್ಡಪ್ಪನ ಹತ್ತಿರ ಇದ್ದದ್ದು ಸೂಟ್‌ಕೇಸ್ ಥರ ಮುಚ್ಚುವ ಚಿಕ್ಕ ಪ್ಲೇಯರ್. ಹಾಡು ಹಾರದಿರಲಿ ಅಂತ ಅದರ ಮುಳ್ಳು ಹಿಡಿದ ತೋಳಿನ ತುದಿಗೆ ಒಂದು ನಾಲ್ಕಾಣೆ ನಾಣ್ಯ ಇಟ್ಟು ದಾರ ಸುತ್ತಿದ್ದರಂತೆ. ಮುಳ್ಳು ಸವೆದಿದೆ ಅಂತ ಯಾರಿಗೂ ಹೊಳೆಯಲಿಲ್ಲ. ಅಷ್ಟು ಪ್ರೀತಿಯಿಂದ ಇಟ್ಟುಕೊಂಡಿದ್ದ ರೆಕಾರ್ಡು ಪ್ರತಿ ಸಲ ಕೇಳಿದಾಗಲೂ ಒಂದಿಷ್ಟು ಸವೆಯುತ್ತಾ ಹೋಯಿತು. ಬೂಷ್ಟು ಹಿಡಿದದ್ದನ್ನು ಮಾತ್ರ ಯಾರೋ ಒಂದೆರಡು ಸಲ ಕೇಳಿ ಅಟ್ಟಕ್ಕೆ ಹಾಕಿದ್ದರು ಅಂತ ಕಾಣುತ್ತದೆ.

ಇದರ ಲೆಕ್ಕ ಹೀಗಿದೆ. ಸಾಮಾನ್ಯ ಎಲ್‌ಪಿ ಮುಳ್ಳಿನ ತುದಿಯ ದುಂಡಿನ ತ್ರಿಜ್ಯ ಸುಮಾರು 18 ಮೈಕ್ರಾನ್, ನಮ್ಮ ತಲೆಕೂದಲಿಗಿಂತ ಸಣ್ಣದು. ಮುಳ್ಳು ಕೂರಿಸಿದ ತಲೆಗೆ ಕಾರ್ಟ್ರಿಡ್ಜ್ ಅನ್ನುತ್ತಾರೆ. ಈಗಿನ ಒಳ್ಳೆಯ ಕಾರ್ಟ್ರಿಡ್ಜ್‌ಗಳು ಒಂದೂವರೆ, ಎರಡು ಗ್ರಾಂ ಭಾರದಲ್ಲಿ ಓಡುತ್ತವೆ. ಹಳೇ ಸೆರಾಮಿಕ್ ಕಾರ್ಟ್ರಿಡ್ಜ್‌ಗಳಿಗೆ ಐದು ಗ್ರಾಂವರೆಗೂ ಭಾರ ಬೇಕಿತ್ತು. ಅದರ ಮೇಲೆ ನಾಣ್ಯವೂ ಸೇರಿದರೆ ಆ ಸಣ್ಣ ತುದಿ ಗ್ರೂವಿನ, ಅಂದರೆ ರೆಕಾರ್ಡಿನ ಮೇಲಿನ ಸಣ್ಣ ಗೀರಿನ ಗೋಡೆಯನ್ನು ಉಳಿಯ ಹಾಗೆ ಕೆರೆಯುತ್ತದೆ. ಮೊದಲು ಹೋಗುವುದು ತೀರಾ ಸಣ್ಣ ಅಲೆಗಳು, ಅಂದರೆ ಮೇಲಿನ ಸ್ವರಗಳು, ಹಾಡುಗಾರರ ‘ಸ’, ‘ಶ’ ಅಕ್ಷರಗಳು, ತಾಳದ ಝಣ್. ಈ ಸವೆತ ಕಣ್ಣಿಗೆ ಕಾಣುವುದಿಲ್ಲ. ತೊಳೆದರೂ ಹೋಗುವುದಿಲ್ಲ. ಕರಕರ ಅನ್ನುವ ರೆಕಾರ್ಡಿನಲ್ಲಿ ಇರುವುದು ಎಷ್ಟೋ ಸಲ ಬರೀ ಧೂಳು, ಅದಕ್ಕೆ ಪರಿಹಾರ ಇದೆ. ಹೊಳೆಯುತ್ತಾ ಇದ್ದು ಹರಿದ ಧ್ವನಿ ಕೊಡುವ ರೆಕಾರ್ಡಿಗೆ ಪರಿಹಾರ ಇಲ್ಲ.

ಈಗ ಹೊಸದರ ವಿಷಯ. ಅದರಲ್ಲೂ ಒಳ್ಳೆಯದಿದೆ, ತುಂಬಾ ಒಳ್ಳೆಯದೂ ಇದೆ. ನನ್ನಲ್ಲಿರುವ ಕೆಲವು ಹೊಸ ಜಾಝ್ ರೆಕಾರ್ಡುಗಳು ಎಷ್ಟು ಶಾಂತ ಅಂದರೆ ಮುಳ್ಳು ಇಟ್ಟದ್ದೇ ಗೊತ್ತಾಗುವುದಿಲ್ಲ. ಆದರೆ ಮೂರು ಸಾವಿರ ಕೊಟ್ಟ ಒಂದು ಹೊಸ ರೆಕಾರ್ಡಿನ ತೂತು ಸರಿಯಾಗಿ ನಡುವೆ ಇರಲಿಲ್ಲ, ಕೂದಲೆಳೆಯಷ್ಟು ಪಕ್ಕಕ್ಕೆ. ತಿರುಗುವಾಗ ತೋಳು ಎಡಕ್ಕೂ ಬಲಕ್ಕೂ ತೂಗುತ್ತಿತ್ತು. ಡ್ರಮ್ಸ್, ಗಿಟಾರ್ ಗದ್ದಲದಲ್ಲಿ ಇದು ತಿಳಿಯದೇ ಹೋಗಬಹುದು. ಆ ರೆಕಾರ್ಡಿನಲ್ಲಿದ್ದದ್ದು ಸಿತಾರ್. ಹಿಂದಿನ ತಂಬೂರಿಯ ಷಡ್ಜವೇ ಪ್ರತಿ ಸುತ್ತಿಗೂ ಮೇಲೆ ಕೆಳಗೆ ಆಡುತ್ತಿತ್ತು. ಶ್ರುತಿ ಅಲುಗಾಡಿದ ಮೇಲೆ ನಮ್ಮ ಸಂಗೀತದಲ್ಲಿ ಇನ್ನೇನು ಉಳಿಯಿತು ಹೇಳಿ? ವಾಪಸ್ ಕಳಿಸಿದೆ, ಇನ್ನೊಂದು ಪ್ರತಿ ಬಂತು, ಅದು ಪರವಾಗಿಲ್ಲ.

180 ಗ್ರಾಂ ಅನ್ನೋದಕ್ಕೆ ಜಾಸ್ತಿ ಬೆಲೆ ಕೊಡಬೇಡಿ. ಹಳೆಯ ಎಲ್‌ಪಿಗಳು ಹೆಚ್ಚಾಗಿ 120ರಿಂದ 140 ಗ್ರಾಂ ತೂಗುತ್ತವೆ. ಗ್ರೂವಿನ ಆಳ, ಅಗಲ ಎರಡರಲ್ಲೂ ಅಷ್ಟೇ. ಕೈಯಲ್ಲಿ ಹಿಡಿದಾಗ ಗಟ್ಟಿ ಅನಿಸುತ್ತದೆ, ಸುಲಭಕ್ಕೆ ಸೊಟ್ಟಗಾಗದಿರಬಹುದು. ಅದರಾಚೆಗೆ ತೂಕದಿಂದ ಧ್ವನಿ ಬರುವುದಿಲ್ಲ. ಚಿತ್ರ ಅಚ್ಚಾಗಿರುವ ಪಿಕ್ಚರ್ ಡಿಸ್ಕ್ ಗೋಡೆಗೆ ಚಂದ, ಕೇಳೋಕೆ ಬೇಡ. ಅವುಗಳಲ್ಲಿ ‘ಸೂ’ ಅನ್ನುವ ಸದ್ದು ಜಾಸ್ತಿ.

ಹೊಸದನ್ನು ತಗೊಳ್ಳುವ ಮುಂಚೆ ಅದು ಯಾವುದರಿಂದ ತಯಾರಾಯಿತು ಅಂತ ನೋಡಬೇಕು. ಹಳೆಯ ರೆಕಾರ್ಡನ್ನು ಕೆತ್ತಿದಾಗ ಟೇಪು ಹೊಸದಾಗಿತ್ತು, ಹಾಡಿ ಸಾಮಾನ್ಯವಾಗಿ ಬಹಳ ಕಾಲ ಆಗಿರುತ್ತಿರಲಿಲ್ಲ. ಈಗ ಅದೇ ಟೇಪಿಗೆ ಐವತ್ತು ವರ್ಷ. 70ರ ದಶಕದಿಂದ ಈಚಿನ ಕೆಲವು ಬಗೆಯ ಟೇಪುಗಳಲ್ಲಂತೂ ಅಂಟು ತೇವ ಹೀರಿ ಜಿಗುಟಾಗಿಬಿಡುತ್ತದೆ. ಕೆಲವು ಮರುಮುದ್ರಣಗಳನ್ನು ಸಿಡಿಗೆ ಅಂತ ತಯಾರಾದ ಫೈಲಿನಿಂದಲೇ ಕೆತ್ತುತ್ತಾರೆ. ಸಿಡಿಯಲ್ಲಿ ಇದ್ದದ್ದೇ ಇಲ್ಲೂ ಇದ್ದರೆ ಮೂರು ಸಾವಿರ ಯಾಕೆ ಕೊಡಬೇಕು, ಅಲ್ವಾ?

ಹಾಗಂತ ಡಿಜಿಟಲ್ ಅಂದ ಕೂಡಲೇ ಬೇಡ ಅನ್ನಬೇಡಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ರೆಕಾರ್ಡುಗಳನ್ನು ಕಿವಿ ಸೂಕ್ಷ್ಮ ಇರುವವರು ವರ್ಷಗಟ್ಟಲೆ ಹೊಗಳಿದರು, ಮೂಲ ಟೇಪಿನಿಂದ ನೇರ ಕೆತ್ತಿದ್ದು ಅಂತಲೇ ಎಲ್ಲರೂ ನಂಬಿದ್ದರು. 2022ರಲ್ಲಿ ಗೊತ್ತಾಯಿತು, ಅವುಗಳಲ್ಲಿ ಎಷ್ಟೋ ರೆಕಾರ್ಡುಗಳಿಗೆ ಟೇಪನ್ನು ಮೊದಲು ಡಿಜಿಟಲ್‌ಗೆ ಇಳಿಸಿಕೊಂಡು ಆಮೇಲೆ ಕೆತ್ತಿದ್ದರು. ಹೇಳದೇ ಇದ್ದದ್ದು ತಪ್ಪೇ. ಆದರೆ ಅಷ್ಟು ವರ್ಷ ಯಾರ ಕಿವಿಗೂ ಅದು ಸಿಕ್ಕಿರಲಿಲ್ಲ. ಕೈಗೆ ಸಿಕ್ಕಿದ ಫೈಲನ್ನು ತುರುಕುವುದು ಬೇರೆ, ಟೇಪನ್ನು ಹುಡುಕಿ ಕೂತು ನಿಧಾನವಾಗಿ ಮಾಡುವುದು ಬೇರೆ.

ನಿಮ್ಮ ಗುಡ್ಡೆಯಲ್ಲಿ 7 ಇಂಚಿನ ಕನ್ನಡ ಸಿನಿಮಾ ಇಪಿಗಳೂ ಇವೆ ಅಂದಿರಿ. ಅವನ್ನಂತೂ ಬಿಡಲೇಬೇಡಿ. ರಾಜನ್-ನಾಗೇಂದ್ರ ನಮ್ಮ ಮೈಸೂರಿನವರೇ. ಅವರ ಎಷ್ಟೋ ಹಾಡು ಜನರ ಮನೆಗೆ ಬಂದದ್ದು ಇಂಥ ಚಿಕ್ಕ ರೆಕಾರ್ಡುಗಳಲ್ಲಿ. ಇವುಗಳ ಹೊಸ ಪ್ರತಿ ಬೇಕು ಅಂದರೂ ಅಂಗಡಿಯಲ್ಲಿ ನಾನು ನೋಡಿದ್ದು ಅಪರೂಪ. ಇದ್ದದ್ದನ್ನು ಉಳಿಸಿಕೊಳ್ಳುವುದೇ ದಾರಿ.

ನೀವು ಹೇಳಿದ ಆ ದಪ್ಪ, ಭಾರದ ಐದಾರು ರೆಕಾರ್ಡು ಬೇರೆ ಜಾತಿ. ಲೇಬಲ್ ಮೇಲೆ 78 ಅಂತ (ನಿಮಿಷಕ್ಕೆ 78 ಸುತ್ತು) ಇದ್ದರೆ ಅವು ಹೆಚ್ಚುಕಡಿಮೆ ಅರಗಿನವು. ಎಲ್‌ಪಿ ಮುಳ್ಳು ಅದರ ಅಗಲವಾದ ಗ್ರೂವಿಗೆ ತೀರಾ ಸಣ್ಣದು, ತಳಕ್ಕೆ ಇಳಿದು ಕಸ ಕೆದಕುತ್ತದೆ. ಅದಕ್ಕೆ ಬೇರೆಯೇ ಮುಳ್ಳು ಬೇಕು. ಸ್ಪಿರಿಟ್ ತಾಗಿಸಿದರೆ ಅರಗು ಕರಗುತ್ತದೆ, ಅದು ಮಾತ್ರ ಮಾಡಬೇಡಿ. ಕೆಳಗೆ ಬಿದ್ದರೆ ಹಪ್ಪಳ. ನಮ್ಮ ದೇಶದಲ್ಲಿ 78 ಬಹಳ ಕಾಲ ನಡೆಯಿತು, ಬೀಟಲ್ಸ್ ಹಾಡುಗಳು ಕೂಡ ಇಲ್ಲಿ 78ರಲ್ಲಿ ಬಂದಿದ್ದವು. ಇನ್ನೊಂದು ಸಂಗತಿ ಹೇಳದೇ ಇರಲಾರೆ. ರಷ್ಯಾದ ಸಂಗೀತಗಾರ ನಿಕೊಲಾಯ್ ಮೆಟ್ನರ್ ಇಳಿವಯಸ್ಸಿನಲ್ಲಿ ಲಂಡನ್ನಿನಲ್ಲಿದ್ದಾಗ ಅವರ ಪಿಯಾನೊ ಕೃತಿಗಳನ್ನು ಅವರ ಕೈಯಲ್ಲೇ ನುಡಿಸಿ ರೆಕಾರ್ಡು ಮಾಡಿಸಲು ಹಣ ಕೊಟ್ಟವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಆ 78ರ ರೆಕಾರ್ಡುಗಳು ಚೆನ್ನಾಗಿ ಉಳಿದಿದ್ದರಿಂದ ಮುಂದೆ ಸಿಡಿಯಾದವು, ಇವತ್ತು ಯಾರು ಬೇಕಾದರೂ ಕೇಳಬಹುದು. ಮೆಟ್ನರ್ ತಮ್ಮ ಮೂರನೇ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದರು.

ಈಗ ತೊಳೆಯುವ ಕೆಲಸ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತನ್ನಿ. ನಲ್ಲಿ ನೀರು, ಅದರಲ್ಲೂ ಬೋರ್ ನೀರು ಬೇಡ, ಅದರ ಉಪ್ಪು ಗ್ರೂವಿನಲ್ಲೇ ಕೂರುತ್ತದೆ. ಒಂದು ಲೀಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಸಾಕು. ಮೆತ್ತನೆಯ ಬ್ರಷ್‌ನಿಂದ ಗ್ರೂವಿನ ಜೊತೆಗೇ ಸುತ್ತ ಹೋಗಬೇಕು, ಅಡ್ಡ ಉಜ್ಜಬಾರದು. ಲೇಬಲ್ ನೆನೆಯಬಾರದು. ಬರೀ ಡಿಸ್ಟಿಲ್ಡ್ ನೀರಿನಲ್ಲಿ ಇನ್ನೊಮ್ಮೆ ತೊಳೆದು, ಪಾತ್ರೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಹಪ್ಪಳದ ಥರ ಏಳುತ್ತದೆ. ಒಣಗಿದ ಮೇಲೆ ಹಳೇ ಕಾಗದದ ಒಳಕವರಿಗೆ ವಾಪಸ್ ಹಾಕಬೇಡಿ, ತೊಳೆದ ಕೊಳೆಯೆಲ್ಲ ಅಲ್ಲೇ ಇದೆ. ಹೊಸ ಒಳಕವರು ತಗೊಳ್ಳಿ. ಹೊಸ ರೆಕಾರ್ಡನ್ನೂ ನಾನು ಒಮ್ಮೆ ತೊಳೆದೇ ಹಾಕುತ್ತೇನೆ, ಪೆಟ್ಟಿಗೆಯ ಕಾಗದದ ಪುಡಿ ಅಂಟಿಕೊಂಡಿರುತ್ತದೆ.

ಅದಕ್ಕೂ ಮುಂಚೆ ನಿಮ್ಮ ಪ್ಲೇಯರ್ ಯಾವುದು ಅಂತ ನೋಡಿಕೊಳ್ಳಿ. ಈಗಲೂ ಸೂಟ್‌ಕೇಸ್ ಥರದ ಅಗ್ಗದ ಪ್ಲೇಯರ್‌ಗಳು ಬರುತ್ತಿವೆ, ಎಷ್ಟೋ ಅದೇ ಸೆರಾಮಿಕ್ ಕಾರ್ಟ್ರಿಡ್ಜ್. ಅಂಥದ್ದೇ ಇದ್ದರೆ ತಾತನ ರೆಕಾರ್ಡನ್ನು ಸದ್ಯಕ್ಕೆ ಹಾಕಬೇಡಿ. ಹೊಸ ರೆಕಾರ್ಡಿಗೆ ಅಂತ ಇಟ್ಟ ದುಡ್ಡಲ್ಲಿ ಮುಳ್ಳಿನ ಭಾರ ಹೊಂದಿಸೋಕೆ ಬರುವ ಪ್ಲೇಯರ್, ಇಲ್ಲವೇ ಕನಿಷ್ಠ ಒಳ್ಳೆಯ ವಜ್ರದ ಮುಳ್ಳು ತಗೊಳ್ಳಿ. ಆಂಪ್ಲಿಫೈಯರ್‌ಗೆ ಫೋನೋ ಇನ್‌ಪುಟ್ ಇಲ್ಲದಿದ್ದರೆ ನಡುವೆ ಒಂದು ಫೋನೋ ಪ್ರಿಆಂಪ್, ಅಂದರೆ ಮುಳ್ಳಿನಿಂದ ಬರುವ ಸಣ್ಣ ಸಿಗ್ನಲ್ ಹೆಚ್ಚಿಸುವ ಡಬ್ಬಿ, ಬೇಕು, ಇಲ್ಲದಿದ್ದರೆ ಎಂಥ ರೆಕಾರ್ಡೂ ತೆಳ್ಳಗೆ, ದೂರದಿಂದ ಕೇಳಿದ ಹಾಗೆ ಬರುತ್ತದೆ.

ಇಷ್ಟಾದ ಮೇಲೆ ಒಂದು ಪರೀಕ್ಷೆ ಮಾಡಿ. ಪ್ರತಿ ಎಲ್‌ಪಿಯ ಮೊದಲ ಹಾಡು ಬಿಟ್ಟು ಲೇಬಲ್ ಹತ್ತಿರದ ಕೊನೆಯ ಹಾಡು ಹಾಕಿ. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಹಾದುಹೋಗುತ್ತದೆ, ಒಳಗೆ ಬರುವಷ್ಟರಲ್ಲಿ ಬರೀ 20ರ ಹತ್ತಿರ. ಅಷ್ಟೇ ಹಾಡನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುಂಬಿರುತ್ತಾರೆ. ಸವೆತ ಮೊದಲು ಕೇಳಿಸುವುದೇ ಅಲ್ಲಿ. ಅಲ್ಲಿ ‘ಸ’ ಅಕ್ಷರ ಹರಿದು ಬಂದರೆ, ಅದೇ ರೆಕಾರ್ಡಿನ ಒಳ್ಳೆಯ ಹಳೇ ಪ್ರತಿಯನ್ನೋ ಟೇಪಿನಿಂದ ಮಾಡಿದ ಹೊಸದನ್ನೋ ಹುಡುಕಿ. ಶುದ್ಧವಾಗಿ ಬಂದರೆ, ನಡುವೆ ನಾಲ್ಕು ಸಲ ಚಟ್ ಅಂದರೂ ಸರಿ, ಆ ರೆಕಾರ್ಡನ್ನು ಯಾರಿಗೂ ಕೊಡಬೇಡಿ.