ನಾಲಿಗೆಗೆ ಚೀಟಿ ಓದಿಸಬೇಡಿ

ಓದುಗರೊಬ್ಬರ ಪತ್ರ: ಅಧಿಕ ಒತ್ತಡದಲ್ಲಿ ಸಂಸ್ಕರಿಸಿದ ಹಣ್ಣಿನ ರಸವನ್ನು ಕಳೆದ ಸಂಚಿಕೆಯಲ್ಲಿ ಹೊಗಳಿದ್ದೀರಿ. ತಂದು ಕುಡಿದೆ. ಬರೀ ಯಂತ್ರದ ವಾಸನೆ. ನನ್ನ ಮಾಮೂಲಿ ಡಬ್ಬಿ ರಸವೇ ಸಹಜವಾಗಿದೆ. ವಿಜ್ಞಾನಿಗಳು ಏನೇ ಹೇಳಲಿ, ನಾಲಿಗೆ ಸುಳ್ಳು ಹೇಳುವುದಿಲ್ಲ.

ಸಂಪಾದಕರ ಉತ್ತರ: ಪತ್ರ ಚೊಕ್ಕವಾಗಿದೆ, ಸಿಟ್ಟೂ ಚೊಕ್ಕವಾಗಿದೆ. ನಿಮ್ಮ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಕೊಬ್ಬಿರುವ ಮಾಂಸ ಕೆಡದಿರಲೆಂದು ಹಾಯಿಸುವ ವಿಕಿರಣ ಜಾಸ್ತಿಯಾದರೆ ಕೆಟ್ಟ ವಾಸನೆ ಬರುವುದುಂಟು. 135 ಡಿಗ್ರಿ ಸೆಲ್ಸಿಯಸ್ ದಾಟಿಸಿ ಕಾಯಿಸಿದ ಹಾಲಿನಲ್ಲಿ ಗಂಧಕದ ಸಂಯುಕ್ತಗಳು ಹೊರಬೀಳುತ್ತವೆ. ಆ ಕಾದ ವಾಸನೆ ಮೂಗಿನ ಭ್ರಮೆಯಲ್ಲ. ಇಷ್ಟನ್ನು ಒಪ್ಪಿದೆ.

ಆದರೆ ನಾಲಿಗೆ ಸುಳ್ಳು ಹೇಳುವುದಿಲ್ಲವೇ? ಸ್ವಾಮಿ, ಕಂಡವರ ಮಾತು ಕೇಳುವುದರಲ್ಲಿ ಅದನ್ನು ಮೀರಿಸಿದ ಅಂಗವಿಲ್ಲ. ಕಣ್ಣು ಓದಿದ್ದನ್ನೇ ಅದು ರುಚಿ ಎಂದು ವರದಿ ಮಾಡುತ್ತದೆ. ರುಚಿ ಪರೀಕ್ಷೆ ನಡೆಸುವ ಕೋಣೆಯನ್ನೊಮ್ಮೆ ನೋಡಿ: ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಅಡ್ಡಗೋಡೆ, ಬಣ್ಣ ಗೊತ್ತಾಗದಂತೆ ಕೆಂಪು ದೀಪ, ಕಿಂಡಿಯಿಂದ ಒಳಬರುವ ಮೂರು ಲೋಟ. ಲೋಟಕ್ಕೆ ಹೆಸರಿಲ್ಲ, ಮನಸ್ಸಿಗೆ ಬಂದ ಮೂರಂಕಿಯ ಸಂಖ್ಯೆ ಅಷ್ಟೆ. ಒಂದು, ಎರಡು ಎಂದು ಬರೆದರೆ ಒಂದನೆಯದೇ ಶ್ರೇಷ್ಠ ಎಂದುಕೊಳ್ಳುವವರಿರುತ್ತಾರೆ! ಎರಡು ಲೋಟದಲ್ಲಿ ಒಂದೇ ಪದಾರ್ಥ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದೆಂದು ಹೇಳಬೇಕು. ಇಷ್ಟೆಲ್ಲ ಕಾವಲು ಯಾರಿಗೆ? ನಿಮ್ಮ ಸತ್ಯಸಂಧ ನಾಲಿಗೆಗೇ.

ಇನ್ನು ಆ 'ಸಹಜ' ಡಬ್ಬಿ ರಸ. ಅದು ಬಿಸಿ ತಿಂದು ಬಂದದ್ದು. ಕಾವಿಗೆ ಪರಿಮಳ ಕೆಡುತ್ತದೆ, ಹಾರುತ್ತದೆ. ಒತ್ತಡದ ವಿಧಾನದಲ್ಲಿ ಬಾಟಲಿಯನ್ನು ಮುಚ್ಚಳ ಸಮೇತ ನೀರಿನೊಳಗಿಟ್ಟು ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 6,000 ಪಟ್ಟು ಅದುಮುತ್ತಾರೆ. ಸಮುದ್ರದ ಅತಿ ಆಳದ ತಳದಲ್ಲಿರುವ ಒತ್ತಡದ ಐದು ಪಟ್ಟಿಗೂ ಹೆಚ್ಚು ಅದು. ಸೂಕ್ಷ್ಮಜೀವಿಯ ಪೊರೆ, ಪ್ರೋಟೀನು ತಡೆದುಕೊಳ್ಳುವುದಿಲ್ಲ. ಪರಿಮಳದ ಪುಟ್ಟ ಅಣುಗಳು ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ನಿಮಗೆ ಅಪರಿಚಿತವೆನಿಸಿದ್ದು ಯಂತ್ರವಲ್ಲ, ಹಣ್ಣೇ ಇರಬಹುದು.

ಡಬ್ಬಿಯೂ ಒಂದು ಕಾಲದ ಹೊಸ ಯಂತ್ರವೇ. ಫ್ರಾನ್ಸಿನ ಮಿಠಾಯಿಗಾರ ನಿಕೊಲಾ ಅಪೆರ್ 1810ರಲ್ಲಿ ಬಾಟಲಿಯನ್ನು ಬಿಗಿದು ಕುದಿಸುವ ವಿಧಾನ ಪ್ರಕಟಿಸಿದಾಗ, ಒಳಗಿನದು ಏಕೆ ಕೆಡುವುದಿಲ್ಲವೆಂದು ಅವನಿಗೇ ಗೊತ್ತಿರಲಿಲ್ಲ. ಕೆಡಿಸುವುದು ಸೂಕ್ಷ್ಮಜೀವಿಗಳು, ಅವು ಕಾವಿಗೆ ಸಾಯುತ್ತವೆ ಎಂದು ಕಾರಣ ಹೇಳಲು ಅರ್ಧ ಶತಮಾನ ಕಳೆದು ವಿಜ್ಞಾನಿ ಪಾಶ್ಚರ್ ಬರಬೇಕಾಯಿತು. ಕಾರಣ ತಿಳಿಯದೆ ಉಂಡವರ ಮೊಮ್ಮಕ್ಕಳು ನಾವು; ಕಾರಣ ವಿವರಿಸಿ ಕೊಟ್ಟರೆ ಮೂಗು ಮುರಿಯುತ್ತೇವೆ. 10 ಕಿಲೋಗ್ರೇವರೆಗೆ (ಆಹಾರ ಹೀರಿದ ವಿಕಿರಣವನ್ನು ಅಳೆಯುವ ಮಾನ ಇದು) ವಿಕಿರಣ ಹಾಯಿಸಿದ ಆಹಾರದಿಂದ ವಿಷದ ಭಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿದ್ದ ತಜ್ಞರ ಜಂಟಿ ಸಮಿತಿ 1980ರಲ್ಲೇ ಹೇಳಿತು. 'ವಿಕಿರಣ' ಎಂದು ಮೇಲೆ ಬರೆದದ್ದೇ ತಡ, ಕೈ ಹಿಂದೆ ಸರಿಯುತ್ತದೆ.

ತಪ್ಪೆಲ್ಲ ನಿಮ್ಮದೇ ಅಲ್ಲ ಬಿಡಿ. ಡಬ್ಬಿಯ ಮೇಲೆ 'ರಾಸಾಯನಿಕ ಇಲ್ಲ' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿ ಹೆದರಿಕೆಯನ್ನೇ ಮಾರಿದವರು, ಈಗ ಜನ ಹೊಸ ವಿಧಾನಕ್ಕೆ ಹೆದರುತ್ತಾರೆಂದು ಸಭೆಗಳಲ್ಲಿ ಗೋಳಾಡುತ್ತಾರೆ. ನೀರೂ ರಾಸಾಯನಿಕವೇ ಎಂದು ಹೇಳುವ ಧೈರ್ಯ ಇವರಿಗಿಲ್ಲ. ನಮ್ಮ ಕಸುಬಿನವರೂ ಕಮ್ಮಿಯಿಲ್ಲ. ಹೆಸರು ನೋಡಿ ಕಥೆ ಹೊಗಳುವ ವಿಮರ್ಶಕರಿಗೆ ಹೆಸರು ಮುಚ್ಚಿದ ಹಸ್ತಪ್ರತಿ ಕೊಟ್ಟು ನೋಡಿ, ಯಾರದ್ದೆಂದು ತಿಳಿಯುವ ತನಕ ಬಾಯೇ ಬಿಡುವುದಿಲ್ಲ.

ಎರಡೂ ರಸ ತನ್ನಿ. ಒಂದನ್ನು ಎರಡು ಲೋಟಕ್ಕೆ, ಇನ್ನೊಂದನ್ನು ಒಂದಕ್ಕೆ ಮನೆಯವರೇ ಬಗ್ಗಿಸಲಿ, ನೀವು ಪಕ್ಕದ ಕೋಣೆಯಲ್ಲಿರಿ. ಕಣ್ಣು ಮುಚ್ಚಿಯೇ ಕುಡಿಯಿರಿ. ಒಂದು ಸಲ ಗೆದ್ದರೆ ಲೆಕ್ಕಕ್ಕಿಲ್ಲ, ಸುಮ್ಮನೆ ಊಹಿಸಿದರೂ ಮೂರರಲ್ಲೊಂದು ಸಲ ಸರಿಯಾಗುತ್ತದೆ. ಹತ್ತು ಸಲ ಮಾಡಿ ಫಲಿತಾಂಶ ಬರೆದು ಕಳಿಸಿ, ಯಾವ ಕಡೆ ವಾಲಿದರೂ ಅಚ್ಚು ಹಾಕುತ್ತೇನೆ.