ಸಂಬಳ 15% ಜಾಸ್ತಿ, ಓಡಾಟ ಎರಡು ಗಂಟೆ ಜಾಸ್ತಿ: ಒಪ್ಕೋಬೇಕಾ?

ಪ್ರಶ್ನೆ: ಹೊಸ ಕೆಲಸ ಸಿಕ್ಕಿದೆ, ಸಂಬಳ 15% ಜಾಸ್ತಿ. ಆದ್ರೆ ಈಗ ಹೋಗೋಕೆ ಅರ್ಧ ಗಂಟೆ, ಬರೋಕೆ ಅರ್ಧ ಗಂಟೆ, ಅಲ್ಲಿಗೆ ಒಂದೂವರೆ ಒಂದೂವರೆ ಆಗತ್ತೆ. ಮನೇಲಿ ಎಲ್ಲರೂ "ಆ ಟೈಮಲ್ಲಿ ನೀನೇನು ದುಡೀತಿದ್ದೆ, ಅದಕ್ಕೇನು ಬೆಲೆ" ಅಂತಾರೆ. ನಿಜವಾಗ್ಲೂ ಬೆಲೆ ಇಲ್ವಾ?

ಉತ್ತರ: ಖಂಡಿತ ಇದೆ. ದುಡಿಯದ ಗಂಟೆಗೆ ಬೆಲೆ ಸೊನ್ನೆ ಅನ್ನೋದು ತಪ್ಪು, ಹಾಗಂತ ಪೂರ್ತಿ ಸಂಬಳದ ರೇಟ್ ಹಾಕೋದೂ ಸರಿಯಲ್ಲ, ಯಾಕಂದ್ರೆ ಉಳಿದ ಗಂಟೆನೆಲ್ಲ ಯಾರೂ ದುಡ್ಡು ಕೊಟ್ಟು ಕೊಂಡ್ಕೊಳಲ್ಲ. ಅಮೆರಿಕದ ಸಾರಿಗೆ ಇಲಾಖೆ ಹೊಸ ರಸ್ತೆ, ರೈಲಿನ ಲಾಭ ಲೆಕ್ಕ ಹಾಕೋವಾಗ ಜನರ ಸ್ವಂತ ಓಡಾಟದ ಪ್ರತಿ ಗಂಟೆಗೆ ಒಂದು ಗಂಟೆಯ ಆದಾಯದ ಸುಮಾರು ಅರ್ಧ ಬೆಲೆ ಹಿಡಿಯತ್ತೆ, ಕಾಯೋದು ನಡೆಯೋದು ನಿಂತ್ಕೊಂಡು ಹೋಗೋದಕ್ಕೆ ಅದರ ಡಬಲ್. ನಂಗೆ ಇದು ತುಂಬಾ ಸರಿ ಅನ್ಸತ್ತೆ, ಸೀಟಲ್ಲಿ ಕೂತು ಓದ್ಕೊಂಡು ಹೋಗೋ ಗಂಟೆನೂ ರಶ್ಶಲ್ಲಿ ನಿಂತು ಹೋಗೋ ಗಂಟೆನೂ ಒಂದೇ ಅಲ್ಲ.

ನಿಮ್ಮ ಲೆಕ್ಕ ನೋಡಿ. ದಿನಕ್ಕೆ 8 ಗಂಟೆ ಕೆಲಸ ಅಂತಿಟ್ಕೊಂಡ್ರೆ ಹೆಚ್ಚುವರಿ ಎರಡು ಗಂಟೆಗೆ ಅರ್ಧ ರೇಟ್ ಹಾಕಿದ್ರೂ ಈಗಿನ ಸಂಬಳದ 12.5% ಹೋಯ್ತು, ಉಳಿದ 2.5% ನಲ್ಲಿ ಟ್ಯಾಕ್ಸು ಮತ್ತೆ ಓಡಾಟದ ಖರ್ಚು ಕಳೀರಿ, ಏನೂ ಉಳಿಯಲ್ಲ. ನಿಂತ್ಕೊಂಡೇ ಹೋಗ್ಬೇಕು ಅಂದ್ರೆ 25% ಆಗತ್ತೆ, ಅಂದ್ರೆ ಪಕ್ಕಾ ಲಾಸು. ಇನ್ನೊಂದು ಥರ ನೋಡೋದಾದ್ರೆ ಈಗ ಓಡಾಟ ಸೇರಿ 9 ಗಂಟೆಗೆ 100 ಬರ್ತಿದ್ರೆ ಅಲ್ಲಿ 11 ಗಂಟೆಗೆ 115, ಗಂಟೆ ಲೆಕ್ಕದಲ್ಲಿ ಸುಮಾರು 6% ಕಮ್ಮಿನೇ.

ಸಂಬಳ ಜಾಸ್ತಿ ಆದ್ರೆ ಅಡ್ಜಸ್ಟ್ ಆಗ್ತೀವಿ ಅಂತ ಎಲ್ರೂ ಅನ್ಕೋತಾರೆ. ಆದ್ರೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನಶ್ಶಾಸ್ತ್ರಜ್ಞ ಡ್ಯಾನಿಯಲ್ ಕಾಹ್ನೆಮನ್ ಮತ್ತೆ ಜೊತೆಗಾರರು ಟೆಕ್ಸಾಸಿನ ಸುಮಾರು 900 ಉದ್ಯೋಗಸ್ಥ ಹೆಂಗಸರ ಹತ್ರ ಹಿಂದಿನ ದಿನ ಹೇಗಿತ್ತು ಅಂತ ಕೇಳಿದಾಗ, ಬೆಳಗಿನ ಆಫೀಸ್ ಪ್ರಯಾಣ ಖುಷಿಯ ಪಟ್ಟಿಲಿ ತೀರಾ ಕೆಳಗಿತ್ತು. ಜರ್ಮನಿಯ ಸಮೀಕ್ಷೆ ನೋಡಿದ ಸ್ಟುಟ್ಝರ್, ಫ್ರೈ ಅನ್ನೋ ಅರ್ಥಶಾಸ್ತ್ರಜ್ಞರಿಗೂ ದೂರ ಓಡಾಡೋರಲ್ಲಿ ಜೀವನದ ತೃಪ್ತಿ ಕಮ್ಮಿನೇ ಕಾಣಿಸ್ತು, ಸಂಬಳ ಅದನ್ನ ತುಂಬಿಕೊಟ್ಟಿರ್ಲಿಲ್ಲ.

ಹಾಗಾಗಿ ಈಗಿರೋ ಥರ ಒಪ್ಕೋಬೇಡಿ ಅಂತೀನಿ, ಆದ್ರೆ ಬೇಡ ಅನ್ನೋ ಮುಂಚೆ ವರ್ಕ್ ಫ್ರಂ ಹೋಮ್ ಕೇಳಿ. ಐದು ದಿನದ ವಾರದಲ್ಲಿ ಒಂದು ದಿನ ಕೊಟ್ರೆ ಹೆಚ್ಚುಕಮ್ಮಿ ಈಗಿನ ಗಂಟೆ ರೇಟೇ ಬೀಳತ್ತೆ, ಎರಡು ದಿನ ಕೊಟ್ರೆ ಟ್ಯಾಕ್ಸಿಗೆ ಮುಂಚೆ 5% ಮೇಲೆ ಲಾಭ, ಆಗ ಧೈರ್ಯವಾಗಿ ಹೋಗಿ. ಮಾತಲ್ಲಿ ಬೇಡ, ಆಫರ್ ಲೆಟರಲ್ಲೇ ಬರೆಸ್ಕೊಳಿ.