ಟಿಸಿಪಿಡಂಪ್ ಓಡಿಸಿದ ಕೂಡಲೇ ಟ್ರಾಫಿಕ್ ಏಕೆ ಏರುತ್ತದೆ?

ಟಿಸಿಪಿಡಂಪ್ ಎಂದರೆ ನೆಟ್‌ವರ್ಕ್‌ನಲ್ಲಿ ಹರಿಯುವ ಪ್ಯಾಕೆಟ್‌ಗಳನ್ನು (ದತ್ತಾಂಶದ ತುಣುಕುಗಳನ್ನು) ಹಿಡಿದು ತೋರಿಸುವ ಕಮಾಂಡ್. ಆ ಹೆಚ್ಚುವರಿ ಟ್ರಾಫಿಕ್ ಟಿಸಿಪಿಡಂಪ್‌ನದೇ ಸೃಷ್ಟಿ. ಯುನಿಕ್ಸ್ ಯಂತ್ರಕ್ಕೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ) ಮೂಲಕ ಲಾಗಿನ್ ಆಗಿ ಓಡಿಸಿದರೆ, ಪರದೆಯ ಮೇಲಿನ ಸಾಲುಗಳೇ ಪ್ಯಾಕೆಟ್‌ಗಳಾಗಿ ನಿಮ್ಮ ಕಡೆ ಹೊರಡುತ್ತವೆ. ಟಿಸಿಪಿಡಂಪ್ ಅವನ್ನೂ ಹಿಡಿದು ಮತ್ತಷ್ಟು ಸಾಲು ಬರೆಯುತ್ತದೆ. ಕೊನೆಯೇ ಇಲ್ಲ. ಫಿಲ್ಟರ್‌ನಲ್ಲಿ ‘ನಾಟ್ ಪೋರ್ಟ್ 22’ (22 ಎಸ್‌ಎಸ್‌ಎಚ್‌ನ ಪೋರ್ಟ್) ಸೇರಿಸಿದರೆ ಈ ಸುತ್ತು ಕಡಿಯುತ್ತದೆ.

ಜೊತೆಗೆ ಟಿಸಿಪಿಡಂಪ್ ಪ್ರತಿ ಹೊಸ ಐಪಿ ವಿಳಾಸದ ಹೆಸರನ್ನೂ ಡಿಎನ್‌ಎಸ್ ಸರ್ವರ್‌ನಲ್ಲಿ (ವಿಳಾಸಕ್ಕೂ ಹೆಸರಿಗೂ ನಂಟು ಹೇಳುವ ಯಂತ್ರ) ವಿಚಾರಿಸುತ್ತದೆ. ಉತ್ತರ ತಡವಾದರೆ ಔಟ್‌ಪುಟ್ ತೆವಳುತ್ತದೆ, ಅಷ್ಟರಲ್ಲಿ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಬಫರ್, ಅಂದರೆ ತಾತ್ಕಾಲಿಕ ಸಂಗ್ರಹ, ತುಂಬಿ ಪ್ಯಾಕೆಟ್‌ಗಳು ಕೈತಪ್ಪುತ್ತವೆ. ಕಂಟ್ರೋಲ್-ಸಿ ಒತ್ತಿದಾಗ ಕಾಣುವ ‘ಡ್ರಾಪ್ಡ್ ಬೈ ಕರ್ನಲ್’ ಲೆಕ್ಕ ಇದೇ. ಅದು ಸೊನ್ನೆಯಲ್ಲದಿದ್ದರೆ ಆ ದಾಖಲೆಯನ್ನು ಪೂರ್ತಿ ನಂಬಬೇಡಿ. ಹೆಸರು ವಿಚಾರಿಸುವುದನ್ನು ನಿಲ್ಲಿಸುವ ಮದ್ದು ಒಂದೇ ಅಕ್ಷರ: ‘-ಎನ್’ (ಸಣ್ಣಕ್ಷರ).

ಗಂಟೆಗಟ್ಟಲೆ ಫೈಲಿಗೆ ಬರೆಸುವುದಾದರೆ ದೊಡ್ಡಕ್ಷರದ ‘-ಸಿ 100’, ‘-ಡಬ್ಲ್ಯೂ 10’ ಕೊಡಿ. ಸುಮಾರು 100 ಎಂಬಿಯ 10 ಫೈಲುಗಳಷ್ಟೇ ತಿರುಗುತ್ತವೆ, ಡಿಸ್ಕ್ ತುಂಬುವುದಿಲ್ಲ.